ನೆಲಜಲವೆಂಬ ನಾಡು: ಇಂಡೊನೇಷ್ಯದ ಕೆಲವು ಪ್ರವಾಸ ಗ್ರಂಥಗಳನ್ನು ಕುರಿತು

ಪ್ರವಾಸ ಸಾಹಿತ್ಯವೆಂದರೆ ನಮ್ಮ ವಿಮರ್ಶಕರಿಗೆ ಅಷ್ಟಕ್ಕಷ್ಟೆ. ಕಾವ್ಯ, ಕಾದಂಬರಿಗಳ ಮೇಲೆ ವಿಚಾರಸಂಕಿರಣ ನಡೆಸುವ ನಾವು ಪ್ರವಾಸ ಕಥನವನ್ನು ರೈಲಿನಲ್ಲಿ ಓದಿ ಮುಗಿಸುವ ಪುಸ್ತಕಗಳ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಎಂದು ಹೆಸರು ಹೇಳಿದರೆ ಚರ್ಚೆ ಮುಗಿಯಿತು. ಈ ಮೂರೂ ಪುಸ್ತಕಗಳು ಪಡುವಣಕ್ಕೆ ಮುಖ ಮಾಡಿದವು ಎಂಬುದನ್ನೂ ಗಮನಿಸಬೇಕು. ಮಲಯಾಳದ ಸಂಗತಿ ಬೇರೆ. 1980ರ ಜ್ಞಾನಪೀಠ ಪ್ರಶಸ್ತಿ ಪಡೆದ ಎಸ್.ಕೆ. ಪೊಟ್ಟೆಕ್ಕಾಟ್ ಅವರು ಕಥೆ ಕಾದಂಬರಿಗಳಿಗೆ ಎಷ್ಟು ಪ್ರಸಿದ್ಧರೋ ಪ್ರವಾಸ ಕಥನಕ್ಕೂ ಅಷ್ಟೇ ಪ್ರಸಿದ್ಧರು. ಆಫ್ರಿಕ, ಯುರೋಪುಗಳ ಜೊತೆಗೆ ಮೂಡಣ ದಿಕ್ಕಿನ ಇಂಡೊನೇಷ್ಯವನ್ನೂ ಅವರು ಬರೆದರು. ಎರಡು ಭಾಷೆಯ ಓದುಗರು ಒಂದೇ ರಟ್ಟಿನೊಳಗೆ ಸೇರುವ ಈ ವಾರ್ಷಿಕಕ್ಕೆ ಅದೇ ದ್ವೀಪನಾಡಿನ ವಿಷಯ ಒಪ್ಪುತ್ತದೆಂದು ನನಗನ್ನಿಸಿತು.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ನಾನು ಬ್ಯಾಂಕೊಂದರ ಗುಮಾಸ್ತ, ಬಿ.ಎ. ತನಕ ಓದಿದವನು. ಇಂಡೊನೇಷ್ಯವನ್ನು ಕಂಡವನಲ್ಲ. ನಮ್ಮಂಥವರ ಪ್ರವಾಸವೆಂದರೆ ಎಲ್.ಟಿ.ಸಿ. ಮಂಜೂರಾದ ವರ್ಷದ್ದು, ಟಿಕೆಟ್ಟು, ರಶೀದಿಗಳನ್ನು ಜೋಪಾನ ಮಾಡುವುದರಲ್ಲಿ ಅದರ ಅರ್ಧ ಸುಖ ಕಳೆದುಹೋಗುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಆ ದೇಶವನ್ನು ಕುರಿತಲ್ಲ, ಅದನ್ನು ಸುತ್ತಿದವರ ಪುಸ್ತಕಗಳನ್ನು ಕುರಿತು. ಅಗಾಧವಾದ, ಒಂದು ದ್ವೀಪದಂತೆ ಇನ್ನೊಂದಿಲ್ಲದ ಇಂಥ ನಾಡು ಪ್ರಯಾಣಿಕನನ್ನು ಏಕೆ ಸೆಳೆಯುತ್ತದೆ? ಆ ಸೆಳೆತವನ್ನು ಬರಹಕ್ಕೆ ಇಳಿಸುವಾಗ ಯಾವುದು ಉಳಿಯುತ್ತದೆ, ಯಾವುದು ಸೋರಿಹೋಗುತ್ತದೆ? ನನ್ನ ಪ್ರಶ್ನೆಗಳು ಇಷ್ಟೆ.

ಇಂಡೊನೇಷ್ಯದ ಭಾಷೆಯಲ್ಲಿ ತಾಯ್ನಾಡಿಗೆ ‘ತಾನಾ ಆಯಿರ್’ ಎನ್ನುತ್ತಾರೆ. ತಾನಾ ಎಂದರೆ ನೆಲ, ಆಯಿರ್ ಎಂದರೆ ನೀರು. ಕನ್ನಡಿಗರಾದ ನಮಗೆ ‘ನೆಲ ಜಲ’ ಎಂಬ ಜೋಡುನುಡಿ ಹೊಸದಲ್ಲ. ಆದರೆ ನಮ್ಮಲ್ಲಿ ಅದು ಹಕ್ಕೊತ್ತಾಯದ ಮಾತು. ಗಡಿಯ ಇಲ್ಲವೆ ನದಿಯ ತಕರಾರು ಎದ್ದಾಗ ವೇದಿಕೆಯ ಮೇಲೆ ಕೇಳಿಬರುವುದು. ಅಲ್ಲಿ ಅದು ನಾಡಿನ ಹೆಸರೇ ಆಗಿದೆ. 17,000ಕ್ಕೂ ಹೆಚ್ಚು ದ್ವೀಪಗಳು, ಪಡುವಣ ತುದಿಯ ಸಬಾಂಗಿನಿಂದ ಮೂಡಣ ತುದಿಯ ಮೆರೌಕೆಯವರೆಗೆ 5,000 ಕಿಲೋಮೀಟರಿಗೂ ಮಿಕ್ಕಿದ ಹರವು, ಮೂರು ಕಾಲವಲಯಗಳು, 700ಕ್ಕೂ ಹೆಚ್ಚು ಭಾಷೆಗಳು. ಡಚ್ಚರ ಕಾಲದ ಕಾನೂನಿನಂತೆ ಒಂದೊಂದು ದ್ವೀಪಕ್ಕೂ ಸುತ್ತಲಿನ ಮೂರು ಮೈಲಿ ಕಡಲು ಮಾತ್ರ ಸೇರಿತ್ತು. ನಡುವಿನದು ಯಾರದೂ ಅಲ್ಲ. 1957ರ ಡಿಸೆಂಬರ್ 13ರಂದು ಪ್ರಧಾನಿ ಜುವಾಂಡ ಅವರು ದ್ವೀಪಗಳ ನಡುವಿನ ನೀರೆಲ್ಲ ನಾಡಿನೊಳಗಿನದೇ ಎಂದು ಘೋಷಿಸಿದರು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು ‘ದ್ವೀಪಸ್ತೋಮ ರಾಷ್ಟ್ರ’ ಎಂಬ ಕಲ್ಪನೆಗೆ ಮಾನ್ಯತೆ ಕೊಟ್ಟಿತು. ದ್ವೀಪಗಳನ್ನು ಬೇರ್ಪಡಿಸುತ್ತಿದ್ದ ನೀರು ಹೀಗೆ ಕೂಡಿಸುವ ನೀರಾಯಿತು. ಈ ನಾಡಿನ ಪ್ರವಾಸ ಗ್ರಂಥವನ್ನು ಓದುವಾಗ ನಾನು ಮೊದಲು ಹುಡುಕುವುದು ಈ ನೀರನ್ನೇ. ವಿಮಾನದಿಂದ ವಿಮಾನಕ್ಕೆ ಹಾರಿದವನ ಪುಸ್ತಕದಲ್ಲಿ ದ್ವೀಪಗಳು ಇರುತ್ತವೆ, ದ್ವೀಪನಾಡು ಇರುವುದಿಲ್ಲ.

ನೀರನ್ನು ಬಿಡದೆ ಬರೆದವರಲ್ಲಿ ಮೊದಲಿಗ ಆಲ್‌ಫ್ರೆಡ್ ರಸೆಲ್ ವಾಲೇಸ್. 1854ರಿಂದ 1862ರವರೆಗೆ ಎಂಟು ವರ್ಷ ಸುತ್ತಿ, 1869ರಲ್ಲಿ ‘ದಿ ಮಲಯ್ ಆರ್ಕಿಪೆಲಗೊ’ ಎಂಬ ಗ್ರಂಥವನ್ನು ಪ್ರಕಟಿಸಿ ಡಾರ್ವಿನ್‌ಗೆ ಅರ್ಪಿಸಿದ. ಸುಮಾರು 14,000 ಮೈಲಿ ಪ್ರಯಾಣ, 1,25,660 ಮಾದರಿಗಳ ಸಂಗ್ರಹ. ಮುನ್ನುಡಿಯಲ್ಲಿ ಇವುಗಳ ಪಟ್ಟಿಯಿದೆ: ಸಸ್ತನಿಗಳು 310, ಸರೀಸೃಪಗಳು 100, ಹಕ್ಕಿಗಳು 8,050, ಚಿಪ್ಪುಗಳು 7,500, ಚಿಟ್ಟೆ ಪತಂಗಗಳು 13,100, ಜೀರುಂಡೆಗಳು 83,200, ಇತರ ಕೀಟಗಳು 13,400. ವೃತ್ತಿಯ ಚಟಕ್ಕೆ ನಾನು ಕೂಡಿಸಿ ನೋಡಿದೆ, ಮೊತ್ತ ತಾಳೆಯಾಗುತ್ತದೆ.

ಈತನ ಅತಿ ದೊಡ್ಡ ಕಾಣ್ಕೆ ದೊರೆತದ್ದು ಹಡಗು ಸಿಗದೆ ಹೋದದ್ದರಿಂದ. 1856ರಲ್ಲಿ ಸಿಂಗಾಪುರದಿಂದ ನೇರ ಮಕಾಸರಿಗೆ ಹೋಗಬೇಕಾಗಿತ್ತು. ಹಡಗು ಸಿಕ್ಕಲಿಲ್ಲ. ಚೀನೀ ವರ್ತಕನೊಬ್ಬನ ಹಾಯಿಹಡಗು ಹತ್ತಿ ಬಾಲಿಯ ಬಡಗಣ ಕರಾವಳಿಯಲ್ಲಿ ಇಳಿದ, ಎರಡು ದಿನ ಕಳೆದು ಲೊಂಬೊಕಿಗೆ ದಾಟಿದ. ನಡುವಿನ ಜಲಸಂಧಿ ಕಿರಿದಾದ ಕಡೆಯಲ್ಲಿ ಸುಮಾರು 20 ಕಿಲೋಮೀಟರ್. ಆದರೆ ಬಾಲಿಯಲ್ಲಿದ್ದ ಮರಕುಟಿಗ, ಕುಟ್ರುಹಕ್ಕಿಗಳು ಆಚೆ ಇಲ್ಲ. ಆಚೆ ಇರುವುದು ಆಸ್ಟ್ರೇಲಿಯದ ನಂಟಿನ ಬಿಳಿಯ ಕಾಕಟೂ, ಮಣ್ಣಿನ ದಿಬ್ಬ ಕಟ್ಟಿ ಮೊಟ್ಟೆಯಿಡುವ ಹಕ್ಕಿ. ಹಿಮಯುಗದಲ್ಲಿ ಕಡಲು ಇಳಿದಾಗ ಬಾಲಿ ಏಷ್ಯದ ನೆಲಕ್ಕೆ ಕೂಡಿಕೊಂಡಿತ್ತು. ಜಲಸಂಧಿ ಆಳವಾದ್ದರಿಂದ ಲೊಂಬೊಕ್ ಕೂಡಲಿಲ್ಲ. ಇದೇ ಮುಂದೆ ‘ವಾಲೇಸ್ ರೇಖೆ’ ಎಂದು ಹೆಸರಾಯಿತು. ನೇರ ಹಡಗು ಸಿಕ್ಕಿದ್ದರೆ ಆ ದ್ವೀಪಗಳ ಬಳಿಗೂ ಸುಳಿಯುತ್ತಿರಲಿಲ್ಲ ಎಂದು ವಾಲೇಸನೇ ಹೇಳುತ್ತಾನೆ. ದ್ವೀಪನಾಡಿನ ಪ್ರಯಾಣದ ಆಕರ್ಷಣೆಯ ಗುಟ್ಟು ಇಲ್ಲಿದೆಯೆಂದು ನನ್ನ ಎಣಿಕೆ. ದಾರಿ ಪ್ರಯಾಣಿಕನ ಕೈಯಲ್ಲಿಲ್ಲ. ಗಾಳಿ, ಮಳೆಗಾಲ, ದೋಣಿಯವನ ಸರಕು ಅದನ್ನು ತೀರ್ಮಾನಿಸುತ್ತವೆ. ಪ್ರತಿಯೊಂದು ದಡದಲ್ಲೂ ಆತ ಮತ್ತೆ ಹೊಸಬ.

ಆ ಗ್ರಂಥದಲ್ಲಿ ನನಗೆ ಪ್ರಿಯವಾದದ್ದು ಲೊಂಬೊಕಿನ ರಾಜ ಜನಗಣತಿ ಮಾಡಿದ ಕಥೆ. ತಲೆಗಿಷ್ಟು ಅಕ್ಕಿ ಎಂಬುದು ಅಲ್ಲಿನ ಕಂದಾಯ. ಊರಿನ ಗೌಡರು, ಅಧಿಕಾರಿಗಳು ನಡುವೆ ನುಂಗಿ ರಾಜನಿಗೆ ಕಡಿಮೆ ಲೆಕ್ಕ ತೋರಿಸುತ್ತಿದ್ದರು. ರಾಜ ಬೆಟ್ಟಕ್ಕೆ ಹೋಗಿ ಬಂದು, ಮಹಾಮಾರಿ ಬರಲಿದೆಯೆಂದು ಬೆಟ್ಟದ ದೇವತೆ ತಿಳಿಸಿದಳೆಂದು ಸಾರಿದ. ಒಬ್ಬೊಬ್ಬರೂ ಒಂದೊಂದು ಸೂಜಿ ಕೊಡಬೇಕು. ಆ ಸೂಜಿಗಳನ್ನು ಕರಗಿಸಿ ಪವಿತ್ರ ಕಠಾರಿಗಳನ್ನು ಮಾಡಿಸಲಾಗುವುದು. ಯಾವ ಊರಿನ ಸೂಜಿಗಳ ಲೆಕ್ಕ ತಪ್ಪೋ ಆ ಊರನ್ನು ಕಠಾರಿ ಕಾಯಲಾರದು. ಸೂಜಿಗಳು ಸರಿಯಾಗಿ ಬಂದವು, ರಾಜನಿಗೆ ತಲೆಯೆಣಿಕೆಯೂ ಬಂತು. ಮುಂದೆ ಅಕ್ಕಿ ಕಡಿಮೆ ಬಿದ್ದಾಗ ಆತ ಇಂತಿಷ್ಟು ಸೂಜಿ ಬಂದಿತ್ತಲ್ಲ ಎಂದು ಕೇಳಿದರೆ ಸಾಕಾಗುತ್ತಿತ್ತು. ಕಥೆ ನಿಜವೆಂದು ವಾಲೇಸ್ ಪ್ರಮಾಣ ಮಾಡುವುದಿಲ್ಲ; ಸ್ಥಳೀಯರು ಹೇಳುವುದನ್ನು ಹಾಗೆಯೇ ಒಪ್ಪಿಸುತ್ತಾನೆ. ಪರದೇಶಿ ಬರೆದ ಪುಸ್ತಕದಲ್ಲಿ ಸ್ಥಳೀಯನು ಜಾಣನಾಗಿ ಕಾಣಿಸುವುದು ಆ ಕಾಲಕ್ಕೆ ಅಪರೂಪ.

ಆದರೂ ಈ ಗ್ರಂಥವನ್ನು ಕೈಮುಗಿದು ಓದಬೇಕಾಗಿಲ್ಲ. ಜಾವದ ಅಧ್ಯಾಯದಲ್ಲಿ ವಾಲೇಸ್ ಡಚ್ಚರ ‘ಸಾಗುವಳಿ ಪದ್ಧತಿ’ಯನ್ನು ಹೊಗಳುತ್ತಾನೆ. 1830ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ರೈತರು ಸರಕಾರಕ್ಕಾಗಿ ಕಾಫಿ, ಕಬ್ಬು, ನೀಲಿ ಬೆಳೆದುಕೊಡಬೇಕಾಗಿತ್ತು. ಅದರ ಅನ್ಯಾಯವನ್ನು ಡಚ್ಚರವನೇ ಆದ ಮುಲ್ತಾತುಲಿ 1860ರ ‘ಮ್ಯಾಕ್ಸ್ ಹಾವೆಲಾರ್’ ಕಾದಂಬರಿಯಲ್ಲಿ ಬಯಲಿಗೆಳೆದಿದ್ದ. ಆ ಕಾದಂಬರಿ ಬೇಸರ ತರಿಸುತ್ತದೆ, ಅತಿಶಯೋಕ್ತಿಯದು ಎಂದು ವಾಲೇಸ್ ತಳ್ಳಿಹಾಕುತ್ತಾನೆ. ಜೀರುಂಡೆಯ ರೆಕ್ಕೆಯ ಮೇಲಿನ ಗೆರೆ ಕಂಡ ಕಣ್ಣಿಗೆ ರೈತನ ಬೆನ್ನ ಮೇಲಿನ ಹೊರೆ ಕಾಣಲಿಲ್ಲ. ಇನ್ನೊಂದು ಸಂಗತಿ: ಆತನ ಜೊತೆ ಸರವಾಕಿನ ಅಲಿ ಎಂಬ ಮಲಯ ಹುಡುಗನಿದ್ದ. 1858ರಲ್ಲಿ ಬಚಾನ್ ದ್ವೀಪದಲ್ಲಿ ವಿಚಿತ್ರವಾದ ಸ್ವರ್ಗಪಕ್ಷಿಯೊಂದನ್ನು ಹೊಡೆದು ತಂದವನು ಅಲಿ; ಹಕ್ಕಿಗೆ ಬಿದ್ದ ಹೆಸರು ವಾಲೇಸನದು. ಹಕ್ಕಿ ತಂದವನು ಅಲಿಯೆಂದು ವಾಲೇಸನೇ ಬರೆದಿಟ್ಟಿದ್ದರಿಂದ ನಮಗಿದು ತಿಳಿಯಿತು. ಪ್ರಾಮಾಣಿಕನ ಪುಸ್ತಕಕ್ಕೆ ಇರುವ ಗುಣವಿದು. ಅದರ ಕೊರತೆಯನ್ನು ತೋರಿಸಲು ಬೇಕಾದ ಸಾಕ್ಷ್ಯವೂ ಅದರೊಳಗೇ ಸಿಗುತ್ತದೆ.

ಇನ್ನು ನಮ್ಮವರು. 1927ರಲ್ಲಿ ರವೀಂದ್ರನಾಥ ಠಾಕೂರರು ಜಾವ, ಬಾಲಿಗಳನ್ನು ಸುತ್ತಿ ಬಂದರು. ಅಲ್ಲಿಂದ ಬರೆದ ಪತ್ರಗಳು ‘ಜಾವಾ ಜಾತ್ರಿರ್ ಪತ್ರ’ ಎಂದು ಪ್ರಕಟವಾಗಿವೆ. ಜೊತೆಗೆ ಹೋಗಿದ್ದ ಭಾಷಾಶಾಸ್ತ್ರಜ್ಞ ಸುನೀತಿಕುಮಾರ ಚಟರ್ಜಿಯವರು ತಮ್ಮ ದೊಡ್ಡ ಗ್ರಂಥಕ್ಕೆ ‘ದ್ವೀಪಮಯ ಭಾರತ’ ಎಂದು ಹೆಸರಿಟ್ಟರು. ಅವರ ಪಾಂಡಿತ್ಯದ ಮುಂದೆ ನಾನು ಯಾವ ಲೆಕ್ಕದವನೂ ಅಲ್ಲ. ಆದರೆ ಆ ಶೀರ್ಷಿಕೆಯ ಬಗ್ಗೆ ನನಗೆ ತಕರಾರಿದೆ. 1926ರಲ್ಲಿ ಕಲ್ಕತ್ತೆಯಲ್ಲಿ ‘ಬೃಹತ್ತರ ಭಾರತ’ದ ಸಂಘವೊಂದು ಹುಟ್ಟಿತ್ತು, ಬ್ರಿಟಿಷರ ಕೈಕೆಳಗಿದ್ದ ದೇಶಕ್ಕೆ ತನ್ನ ಹಿಂದಿನ ಹಿರಿಮೆಯನ್ನು ಕಡಲಾಚೆ ಕಂಡು ನಲಿಯುವ ಆಸೆ ಸಹಜವಾದದ್ದೇ. ಆದರೂ ಇನ್ನೊಬ್ಬರ ಮನೆಯಂಗಳಕ್ಕೆ ಹೋಗಿ ಇದು ನಮ್ಮ ಮನೆಯದೇ ಜಗಲಿ ಎಂದರೆ ಆ ಮನೆಯವರು ಏನೆನ್ನಬೇಕು?

ಉದಾಹರಣೆಗೆ ವಯಾಂಗ್ ಎಂಬ ತೊಗಲುಗೊಂಬೆಯಾಟವನ್ನು ನೋಡಬಹುದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಕೇಳಿ ಬೆಳೆದ ನಮಗೂ, ಪಾಲಕ್ಕಾಡಿನ ತೋಲ್‌ಪಾವಕೂತ್ತು ಬಲ್ಲ ಮಲಯಾಳಿಗಳಿಗೂ, ಜಾವದ ಪರದೆಯ ಮೇಲೆ ರಾಮ, ಅರ್ಜುನರು ಮೂಡಿದೊಡನೆ ಮೈ ಜುಮ್ಮೆನ್ನುತ್ತದೆ. ಅಲ್ಲಿಗೇ ನಿಂತರೆ ನೋಡಿದ್ದು ನಮ್ಮ ಪ್ರತಿಬಿಂಬವನ್ನು ಮಾತ್ರ. ಜಾವದ ಭಾರತದಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ. ಶಿಖಂಡಿ ಅಲ್ಲಿ ‘ಸ್ರಿಕಂಡಿ’. ಬಿಲ್ಲು ಹಿಡಿದ ವೀರವನಿತೆ, ಅರ್ಜುನನ ಮಡದಿ. ಎಲ್ಲಕ್ಕಿಂತ ಮಿಗಿಲಾಗಿ ಸೆಮಾರ್ ಎಂಬ ಡೊಳ್ಳುಹೊಟ್ಟೆಯ ಆಳು. ಪಾಂಡವರ ಸೇವಕ, ನಗಿಸುವವನು, ಆದರೆ ನಿಜದಲ್ಲಿ ದೇವತೆ. ದೊರೆಗಳಿಗೂ ಬುದ್ಧಿ ಹೇಳಬಲ್ಲವನು. ವ್ಯಾಸರಲ್ಲಿ ಅವನಿಲ್ಲ. ನಮ್ಮ ಬಯಲಾಟದ ಹಾಸ್ಯಗಾರ ದೇವೇಂದ್ರನ ಒಡ್ಡೋಲಗದಲ್ಲೂ ಊರಿನ ಮಾತನಾಡುತ್ತಾನೆ; ಸೆಮಾರ್ ಅವನ ನೆಂಟನಂತೆ ತೋರಿದರೂ ಅವನಿಗಿಂತ ಮೇಲಿನ ಪೀಠದಲ್ಲಿ ಕೂತಿದ್ದಾನೆ. ರಾಮನನ್ನು ಕಂಡು ಹಿಗ್ಗಿ ಸೆಮಾರನನ್ನು ಕಾಣದ ಭಾರತೀಯ ಪ್ರವಾಸಿಗೆ ಜಾವ ಸಿಕ್ಕಿಲ್ಲ.

ಪೊಟ್ಟೆಕ್ಕಾಟರು ಈ ದೇಶಕ್ಕೆ ಎರಡು ಪುಸ್ತಕಗಳನ್ನು ಕೊಟ್ಟರು: ‘ಇಂಡೊನೇಷ್ಯನ್ ಡಯರಿ’ ಮತ್ತು ‘ಬಾಲಿದ್ವೀಪ್’. ಇಡೀ ದೇಶಕ್ಕೊಂದು, ಬಾಲಿಗೊಂದೇ ಇನ್ನೊಂದು. ಈ ಹಂಚಿಕೆಯೇ ಬಾಲಿಯ ಮೋಹವನ್ನು ಹೇಳುತ್ತದೆ. ತೆಂಗು, ಗದ್ದೆ, ದೇವಸ್ಥಾನ, ಉತ್ಸವಗಳ ಕೇರಳದವನಿಗೆ ಬಾಲಿ ತವರಿನಂತೆ ಹತ್ತಿರವಾಗುವುದು ಸಹಜ. ಅವರ ಬಾಲಿ 1950ರ ದಶಕದ್ದು ಎಂಬುದನ್ನು ಇಂದಿನ ಓದುಗ ಮರೆಯಬಾರದು. ಆ ಸುಂದರ ಬಾಲಿಯ ಹಿಂದೆ 1906ರ ಮತ್ತು 1908ರ ‘ಪುಪುತಾನ್’ಗಳಿವೆ, ರಾಜಪರಿವಾರದವರು ಡಚ್ಚರ ಬಂದೂಕಿಗೆ ತಾವಾಗಿ ಎದೆಯೊಡ್ಡಿ ನಡೆದು ಸತ್ತ ದಿನಗಳವು. ಅದಾದ ಮೇಲೆಯೇ ಡಚ್ಚರು ಬಾಲಿಯನ್ನು ವಸ್ತುಸಂಗ್ರಹಾಲಯದಂತೆ ಕಾಪಾಡಹೊರಟದ್ದು, 1930ರ ದಶಕದಲ್ಲಿ ಪಾಶ್ಚಾತ್ಯ ಕಲಾವಿದರು ಅಲ್ಲಿ ಸ್ವರ್ಗವನ್ನು ಕಂಡದ್ದು. ಆಸ್ಟ್ರೇಲಿಯದ ಏಡ್ರಿಯನ್ ವಿಕರ್ಸ್ ಅವರ 1989ರ ಗ್ರಂಥ ಈ ಸ್ವರ್ಗ ಹೇಗೆ ನಿರ್ಮಾಣಗೊಂಡಿತೆಂಬುದನ್ನು ವಿವರಿಸುತ್ತದೆ. ಮುಂದೆ 1965-66ರಲ್ಲಿ ಕಮ್ಯುನಿಸ್ಟರೆಂಬ ಆಪಾದನೆಯ ಮೇಲೆ ದೇಶದಲ್ಲಿ ಕಡಿಮೆಯೆಂದರೂ ಐದು ಲಕ್ಷ ಮಂದಿ ಕೊಲೆಯಾದರು. ಬಾಲಿಯೊಂದರಲ್ಲೇ ಸುಮಾರು 80,000 ಎಂಬುದು ವಿದ್ವಾಂಸರ ಅಂದಾಜು. ಪೊಟ್ಟೆಕ್ಕಾಟರು ಕಂಡ ಹಳ್ಳಿಗಳಲ್ಲಿ ಮುಂದೆ ಏನಾಯಿತೆಂಬ ಪ್ರಶ್ನೆಯನ್ನು ಹೊತ್ತೇ ಆ ಪುಸ್ತಕಗಳನ್ನು ನಾವು ಈಗ ಓದಬೇಕಾಗಿದೆ.

ನಮ್ಮ ಕಾಲದ ಪುಸ್ತಕವೆಂದರೆ ಎಲಿಜಬೆತ್ ಪಿಸಾನಿಯವರ ‘ಇಂಡೊನೇಷ್ಯ ಎಟ್ಸೆಟರಾ’ (2014). ಪತ್ರಕರ್ತೆಯಾಗಿ, ಆಮೇಲೆ ರೋಗವಿಜ್ಞಾನಿಯಾಗಿ ಅಲ್ಲಿ ದುಡಿದು, ಅಲ್ಲಿನ ಭಾಷೆ ಕಲಿತ ಲೇಖಕಿ ಒಂದು ವರ್ಷಕ್ಕೂ ಮಿಕ್ಕಿ ಸುಮಾರು 26,000 ಮೈಲಿ ಸುತ್ತಿದರು. ಶೀರ್ಷಿಕೆ ಬಂದದ್ದು 1945ರ ಆಗಸ್ಟ್ 17ರ ಸ್ವಾತಂತ್ರ್ಯ ಘೋಷಣೆಯಿಂದ. ಎರಡೇ ವಾಕ್ಯದ ಆ ಘೋಷಣೆಯಲ್ಲಿ ಅಧಿಕಾರದ ಹಸ್ತಾಂತರ ‘ವಗೈರೆ’ ವಿಷಯಗಳನ್ನು ಆಮೇಲೆ ನೋಡಿಕೊಳ್ಳಲಾಗುವುದೆಂಬ ಅರ್ಥ ಬರುತ್ತದೆ. ಕಚೇರಿಯ ಕಡತಗಳಲ್ಲಿ ವಗೈರೆ ಎಂಬ ಪದ ಎಷ್ಟನ್ನು ಮುಚ್ಚಿಡಬಲ್ಲದೆಂದು ನಮ್ಮಂಥವರಿಗೆ ಗೊತ್ತು. ಆ ದೇಶ ಇಂದಿಗೂ ಆ ವಗೈರೆಯನ್ನೇ ಬಿಡಿಸುತ್ತಿದೆಯೆಂಬುದು ಲೇಖಕಿಯ ವಾದ. ಯಾರು ಕರೆದರೂ ಬರುತ್ತೇನೆನ್ನುವುದು ಅವರ ಪ್ರಯಾಣದ ಸೂತ್ರ. ಸುಂಬಾ ದ್ವೀಪದಲ್ಲಿ ಹುಡುಗನೊಬ್ಬ ತನ್ನ ಅಜ್ಜಿಯನ್ನು ನೋಡಿ ಹೋಗಿರೆಂದು ಕರೆಯುತ್ತಾನೆ. ಒಳಗೆ ಹೋದರೆ ಅಜ್ಜಿ ತೀರಿಕೊಂಡು ಒಂದು ದಿನವಾಗಿದೆ. ಶವದ ಸನ್ನಿಧಿಯಲ್ಲಿ ಚಹಾ ಕುಡಿದು ಬರುತ್ತಾರೆ. ಇಲ್ಲಿ ವೈಚಿತ್ರ್ಯವಿದೆ, ಬೆರಗಿನ ಪ್ರದರ್ಶನವಿಲ್ಲ. ಮನೆಗೆ ಬಂದವರು ಹಿರಿಯರನ್ನು ಮಾತಾಡಿಸಿ ಹೋಗಬೇಕೆಂಬ ನಡವಳಿಕೆ ನಮ್ಮಲ್ಲೂ ಇದೆಯಷ್ಟೆ. ಭಾಷೆ ಬಲ್ಲವಳಾದ್ದರಿಂದ ಆಕೆಗೆ ಅದು ನಡವಳಿಕೆಯಾಗಿಯೇ ಕಂಡಿತು.

ಆದರೆ ದ್ವೀಪಗಳ ಸೆಳೆತವನ್ನು ಕುರಿತ ಈ ಎಲ್ಲ ಪುಸ್ತಕಗಳನ್ನೂ ಪಕ್ಕಕ್ಕಿಟ್ಟು ನೆನೆಯಬೇಕಾದ ಇನ್ನೊಬ್ಬ ಲೇಖಕನಿದ್ದಾನೆ. ವಾಲೇಸ್ 1861ರಲ್ಲಿ ಬೂರು ದ್ವೀಪಕ್ಕೆ ಹಕ್ಕಿ ಹುಡುಕುತ್ತ ಹೋಗಿದ್ದ. ಅದೇ ದ್ವೀಪಕ್ಕೆ 1969ರಲ್ಲಿ ಕಾದಂಬರಿಕಾರ ಪ್ರಮೂದ್ಯ ಅನಂತ ತೂರ್ ಅವರನ್ನು ವಿಚಾರಣೆಯಿಲ್ಲದೆ ಕೈದಿಯಾಗಿ ಸಾಗಿಸಿದರು. ಹತ್ತು ವರ್ಷ ಅವರು ಅಲ್ಲಿದ್ದರು. ಬರೆಯಲು ಕಾಗದ ಕೊಡದಿದ್ದಾಗ ಕಥೆಯನ್ನು ಜೊತೆಯ ಕೈದಿಗಳಿಗೆ ಬಾಯಲ್ಲಿ ಹೇಳಿದರು. ಅದೇ ಮುಂದೆ ‘ಬೂಮಿ ಮಾನುಸಿಯ’ ಕಾದಂಬರಿಯಾಗಿ 1980ರಲ್ಲಿ ಪ್ರಕಟವಾಯಿತು, 1981ರಲ್ಲಿ ನಿಷೇಧಕ್ಕೊಳಗಾಯಿತು. ಪ್ರವಾಸಿಗೆ ದ್ವೀಪ ಚೆಂದ ಕಾಣುವುದು ಮರಳಿ ಹೋಗುವ ದೋಣಿ ಅವನಿಗಿದೆಯೆಂಬ ಕಾರಣಕ್ಕೆ. ದೋಣಿಯಿಲ್ಲದವನ ಪುಸ್ತಕವನ್ನು ಓದದೆ ದೋಣಿಯುಳ್ಳವನ ಪುಸ್ತಕದ ಬೆಲೆ ಕಟ್ಟಲಾಗದು.

ಪ್ರಮೂದ್ಯರ ಮನೆಮಾತು ಜಾವಾ ಭಾಷೆ. ಬರೆದದ್ದು ಇಂಡೊನೇಷ್ಯದ ಸಾಮಾನ್ಯ ಭಾಷೆಯಲ್ಲಿ. ಗಡಿನಾಡಿನವರಾದ ನಮಗೆ ಮುಖ್ಯವಾದದ್ದು ಇದು. 1928ರ ಅಕ್ಟೋಬರ್ 28ರಂದು ಯುವಕರು ಪ್ರತಿಜ್ಞೆ ಮಾಡಿ ಒಂದು ಭಾಷೆಯನ್ನು ಆರಿಸಿದಾಗ, ಎಲ್ಲಕ್ಕಿಂತ ಹೆಚ್ಚು ಜನರಾಡುವ ಜಾವಾ ಭಾಷೆಯನ್ನು ಆರಿಸಲಿಲ್ಲ. ಬಂದರು ಪೇಟೆಗಳ ಮಲಯವನ್ನು ಆರಿಸಿದರು. ಹಿರಿಯ ಕಿರಿಯರಿಗೆ ಬೇರೆ ಬೇರೆ ಪದಗಳನ್ನೇ ಬಳಸಬೇಕಾದ ಜಾವಾ ಭಾಷೆಗಿಂತ ಪೇಟೆಯ ಭಾಷೆ ಸಮಾನತೆಗೆ ಹತ್ತಿರ. ವಾಲೇಸ್ ಅರು ದ್ವೀಪಗಳ ದೊಬ್ಬೊ ಎಂಬ ವ್ಯಾಪಾರದ ನೆಲೆಯನ್ನು ವರ್ಣಿಸುತ್ತಾನೆ: ಬುಗಿಗಳು, ಚೀನೀಯರು, ಜಾವದವರು, ಸೆರಾಮಿನವರು, ಪೊಲೀಸಿಲ್ಲ, ನ್ಯಾಯಾಲಯವಿಲ್ಲ, ಆದರೂ ವ್ಯಾಪಾರ ಅವರನ್ನು ಶಾಂತಿಯಿಂದ ಇರಿಸಿದೆ. ಸಪ್ತಭಾಷೆಗಳ ಕಾಸರಗೋಡಿನ ಮೀನುಮಾರ್ಕೆಟ್ಟನ್ನೋ, ಪಿಂಚಣಿಯ ದಿನದ ಬ್ಯಾಂಕಿನ ಸಾಲನ್ನೋ ಕಂಡವರಿಗೆ ಇದು ಅರ್ಥವಾಗುತ್ತದೆ. ಕೌಂಟರಿನಾಚೆ ತುಳುವಿನಲ್ಲಿ ಶುರುವಾದ ಮಾತು ಬ್ಯಾರಿ ಭಾಷೆಗೆ ಹೊರಳಿ ಮಲಯಾಳದಲ್ಲಿ ಮುಗಿಯುತ್ತದೆ. ಹಣದ ಲೆಕ್ಕ ತಪ್ಪುವುದಿಲ್ಲ.

ಹಾಗೆಂದು ಇಂಡೊನೇಷ್ಯದ ಮಾದರಿಗೆ ನಾನು ಪೂರ್ತಿ ಚಪ್ಪಾಳೆ ತಟ್ಟಲಾರೆ. ಸಾಮಾನ್ಯ ಭಾಷೆ ಶಾಲೆಗೂ ಕಚೇರಿಗೂ ಮನೆಗೂ ಹಬ್ಬಿದಂತೆ ಅಲ್ಲಿನ ಎಷ್ಟೋ ಸಣ್ಣ ಭಾಷೆಗಳನ್ನು ಮಕ್ಕಳು ಬಿಡುತ್ತಿದ್ದಾರೆ. 1956ರ ನವೆಂಬರ್ 1ರ ಅನಂತರ ಇಲ್ಲಿ ಕನ್ನಡ ಶಾಲೆಗಳ ಚಿಂತೆಯನ್ನು ಹೊತ್ತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಭಿನ್ನೇಕ ತುಂಗಲ್ ಇಕ’ ಎಂಬ ಆ ದೇಶದ ಧ್ಯೇಯವಾಕ್ಯ 14ನೆಯ ಶತಮಾನದ ಕವಿ ಎಂಪು ತಂತುಲರನ ಕಾವ್ಯದ್ದು. ಅಲ್ಲಿ ಅದು ಶಿವ ಬುದ್ಧರು ಬೇರೆಯಾಗಿಯೂ ಒಂದೇ ಎಂದು ಹೇಳುವ ಮಾತು. ಎರಡೂ ಉಳಿದಿದ್ದರೆ ಮಾತ್ರ ಒಂದೇ ಎನ್ನುವುದಕ್ಕೆ ಅರ್ಥವಿರುತ್ತದೆ. ವೈವಿಧ್ಯವನ್ನು ಕೊಂಡಾಡುವ ಪ್ರವಾಸ ಗ್ರಂಥಗಳು ಬಹುತೇಕ ಈ ಲೆಕ್ಕವನ್ನು ಕೇಳುವುದಿಲ್ಲ. ಪಿಸಾನಿಯವರ ಪುಸ್ತಕದಲ್ಲಿ ಜಾವದ ಯಜಮಾನಿಕೆಗೆ ಹೊರದ್ವೀಪಗಳವರು ತೋರುವ ಅಸಮಾಧಾನಕ್ಕೆ ಜಾಗವಿದೆ. ಅದಕ್ಕೇ ಅದು ನನಗೆ ಮೆಚ್ಚುಗೆ.

ನಮ್ಮಲ್ಲಿ ಈಗ ಹೊರದೇಶಕ್ಕೆ ಹೋಗಿಬಂದವರು ಹೆಚ್ಚಾಗಿದ್ದಾರೆ, ಬರೆಯುವವರೂ ಹೆಚ್ಚಾಗಿದ್ದಾರೆ. ಬಾಲಿಗೆ ಹೋಗಿ ಬಂದವರ ಲೇಖನಗಳಲ್ಲಿ ವಿಮಾನ ಏರಿದ್ದು, ಹೋಟೆಲಿನ ತಿಂಡಿ, ‘ಅಲ್ಲೂ ನಮ್ಮ ಸಂಸ್ಕೃತಿ’ ಎಂಬ ಉದ್ಗಾರ, ಇಷ್ಟೇ ಇದ್ದರೆ ಓದುಗನಿಗೆ ದಕ್ಕುವುದೇನು? ಮುಂದೆ ಹೋಗುವವರು ಒಂದು ಜಲಸಂಧಿಯನ್ನಾದರೂ ದೋಣಿಯಲ್ಲಿ ದಾಟಲಿ. ಬಾಲಿಯಿಂದ ಲೊಂಬೊಕಿಗೆ ದಿನವೂ ಹಡಗಿದೆ. ಪೇಟೆಯ ಭಾಷೆಯ ನಾಲ್ಕು ಮಾತು ಕಲಿಯಲಿ, ಸೆಮಾರನನ್ನು ವಿಚಾರಿಸಲಿ. ಹೋಗಲಾಗದ ನಮ್ಮಂಥವರು ವಾಲೇಸನ ಲೊಂಬೊಕ್ ಅಧ್ಯಾಯವನ್ನೂ ಪ್ರಮೂದ್ಯರ ಕಾದಂಬರಿಯನ್ನೂ ಒಟ್ಟಿಗೆ ಇಟ್ಟುಕೊಂಡು ಓದೋಣ. ಮಲಯಾಳಿ ಸ್ನೇಹಿತರು ಪೊಟ್ಟೆಕ್ಕಾಟರನ್ನು ಕನ್ನಡ ಬಲ್ಲ ನೆರೆಯವನಿಗೆ ಓದಿ ಹೇಳಲಿ. ಒಂದೇ ಗೋಡೆಯ ಎರಡು ಕಡೆ ವಾಸವಿದ್ದೂ ನಾವು ಒಬ್ಬರ ಪುಸ್ತಕದ ಕಪಾಟನ್ನು ಇನ್ನೊಬ್ಬರು ನೋಡಿದ್ದು ಕಡಿಮೆ. ಆ ಜಲಸಂಧಿಯನ್ನು ದಾಟಲು ಎಲ್.ಟಿ.ಸಿ. ಮಂಜೂರಾತಿಯೂ ಬೇಕಾಗಿಲ್ಲ.